ಮೆಲ್ಬರ್ನ್ ಪಶ್ಚಿಮದ ಪಾರ್ಕುಗಳು: ಹೊಸದಾಗಿ ಬಂದವರು ತಿಳಿದಿರಬೇಕಾದದ್ದು

ಟಾರ್ನೀಟ್, ಟ್ರುಗನೀನಾ, ವೆರಿಬಿ ಕಡೆ ಬಾಡಿಗೆ ಮನೆ ಹಿಡಿದ ವಾರದಲ್ಲೇ ಯಾರಾದರೊಬ್ಬರು ಎಚ್ಚರಿಸುತ್ತಾರೆ: ‘ಕತ್ತಲಾದ ಮೇಲೆ ಪಾರ್ಕಿಗೆ ಹೋಗಬೇಡಿ, ಆ ಹುಡುಗರು ಇರುತ್ತಾರೆ.’ ಎಚ್ಚರ ಬೇಕು, ‘ಆ ಹುಡುಗರು’ ಅನ್ನುವ ಮಾತು ಬೇಡ. 2017ರ ಕೊನೆಯಲ್ಲಿ ಟಾರ್ನೀಟಿನ ಇಕೋವಿಲ್ ಪಾರ್ಕಿನ ಸಮುದಾಯ ಭವನವನ್ನು ಕೆಲವರು ಹಾಳುಗೆಡವಿದಾಗ ‘ಆಫ್ರಿಕನ್ ಗ್ಯಾಂಗ್’ ಎಂಬ ಹೆಸರು ಟಿವಿ ತುಂಬ ಓಡಾಡಿತು. ಅದರ ಬಿಸಿ ತಟ್ಟಿದ್ದು ಏನೂ ಮಾಡದ, ದಕ್ಷಿಣ ಸೂಡಾನಿನಿಂದ ಬಂದು ಇಲ್ಲಿ ನೆಲೆಸಿದವರ ಮನೆಗಳಿಗೆ. 2009ರಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ, ಮೈಬಣ್ಣ ನೋಡಿ ಗುರಿಯಾಗುವ ಭಯ ಎಂಥದ್ದೆಂದು ನಮ್ಮವರೂ ಕಂಡಿದ್ದಾರೆ.

ಹತ್ತು ಹುಡುಗರು ಬೆಂಚಿನ ಮೇಲೆ ಕೂತು ಜೋರಾಗಿ ಹಾಡು ಹಾಕಿದರೆ ಅದು ಅಪರಾಧವಲ್ಲ. ಹೊಸ ಬಡಾವಣೆಗಳಲ್ಲಿ ಬಸ್ಸು ಕಡಿಮೆ, ದುಡ್ಡಿಲ್ಲದೆ ಕೂರುವ ಜಾಗ ಇನ್ನೂ ಕಡಿಮೆ; ಅವರಿಗೂ ಪಾರ್ಕೇ ಗತಿ. ಇಷ್ಟಕ್ಕೇ ಪೊಲೀಸರನ್ನು ಕರೆದರೆ ನಾಳೆ ಅದೇ ಹುಡುಗರು ನಿಮ್ಮ ಮಕ್ಕಳನ್ನು ನೋಡುವ ರೀತಿ ಬದಲಾಗುತ್ತದೆ.

ಬೆದರಿಕೆ, ಹೊಡೆತ, ಆಯುಧ, ಫೋನ್ ಕಸಿಯುವುದು ಕಣ್ಣೆದುರೇ ನಡೆಯುತ್ತಿದ್ದರೆ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಫೋನನ್ನೋ ಸೈಕಲ್ಲನ್ನೋ ಕೇಳಿದರೆ ಕೊಟ್ಟು ದೂರ ಸರಿಯಿರಿ, ಬೆನ್ನಟ್ಟಬೇಡಿ. 000ರಲ್ಲಿ ಕರೆ ಸ್ವೀಕರಿಸಿದವರು ಮೊದಲು ಕೇಳುವುದು ಪೊಲೀಸ್, ಫೈರ್, ಆಂಬುಲೆನ್ಸ್ ಯಾವುದು ಎಂದು, ಆಮೇಲೆ ಊರು. ಎಡವುವುದು ಇಲ್ಲೇ: ಬರೀ ಪಾರ್ಕಿನ ಹೆಸರು ಸಾಲದು, ಹತ್ತಿರದ ರಸ್ತೆ ಮತ್ತು ಅದಕ್ಕೆ ಅಡ್ಡ ಬರುವ ರಸ್ತೆ ಹೇಳಬೇಕು. ‘ಎಮರ್ಜೆನ್ಸಿ ಪ್ಲಸ್’ ಆ್ಯಪ್ ಇದ್ದರೆ ನೀವಿರುವ ಜಾಗ ಪರದೆಯ ಮೇಲೇ ಕಾಣುತ್ತದೆ. ವರ್ಣನೆಯಲ್ಲಿ ಜನಾಂಗವನ್ನಷ್ಟೇ ಹೇಳಿದರೆ ಯಾರನ್ನು ಹುಡುಕುವುದು? ಎಷ್ಟು ಜನ, ಎತ್ತರ, ಜಾಕೆಟ್ ಬಣ್ಣ, ಶೂ, ಹೋದ ದಿಕ್ಕು ಹೇಳಿ. ಶೂ ಮುಖ್ಯ, ಜಾಕೆಟ್ ಓಡುತ್ತಲೇ ಬಿಚ್ಚಿ ಎಸೆಯಬಹುದು.

ಆಗಿಹೋದ ಕಳವಿಗೆ ಪೊಲೀಸರ ತುರ್ತಲ್ಲದ ಸಂಖ್ಯೆ 131 444. ಇಂಗ್ಲಿಷ್ ತಡವರಿಸುವ ಅಪ್ಪ ಅಮ್ಮಂದಿರಿಗೆ 131 450ರಲ್ಲಿ ದುಭಾಷಿ ಸೇವೆ ಇದೆ. ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ) ಸಂಖ್ಯೆಯನ್ನು ಇವತ್ತೇ *#06# ಒತ್ತಿ ಬರೆದಿಡಿ. ಫೋನ್ ಹೋದ ಮೇಲೆ ಅದನ್ನು ನಿರ್ಬಂಧಿಸಲು ಮೊಬೈಲ್ ಕಂಪನಿ ಕೇಳುವುದು ಅದನ್ನೇ.

ಭಯಕ್ಕೆ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವವರಿದ್ದಾರೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದು ನಿಷಿದ್ಧ ಆಯುಧ. ನಿಮ್ಮ ಬಳಿ ಪೊಲೀಸರಿಗೆ ಚಾಕು ಸಿಕ್ಕಿದಾಗ ‘ಆತ್ಮರಕ್ಷಣೆಗೆ’ ಎಂದರೆ ಅದು ಕಾನೂನು ಒಪ್ಪುವ ಕಾರಣವಲ್ಲ. 2025ರ ಸೆಪ್ಟೆಂಬರ್ 1ರಿಂದ 20 ಸೆಂ.ಮೀ.ಗಿಂತ ಉದ್ದದ ಅಲಗಿನ ಮಚ್ಚಿಗೂ ನಿಷೇಧವಿದೆ, ತೆಂಗಿನಕಾಯಿಗೆಂದು ತಂದದ್ದಾದರೂ ಅಷ್ಟೇ. ದೀಪಾವಳಿಗೆ ಪಾರ್ಕಿನಲ್ಲಿ ಪಟಾಕಿ ಹಚ್ಚುವುದೂ ಅಪರಾಧವೇ. ನೆರೆಹೊರೆಯವರು ನಮ್ಮ ಬಗ್ಗೆ ದೂರುವಾಗ ಹೇಳುವುದು ಇದನ್ನೇ.

ಹುಡುಗರ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಚಾಳಿಯನ್ನು ದಯವಿಟ್ಟು ಬಿಡಿ. ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋದರೆ ಮಗುವಿನ ಗುರುತು ಪ್ರಕಟಿಸುವುದು ಕಾನೂನುಬಾಹಿರ, ಫೋಟೊದಲ್ಲಿರುವ ಹುಡುಗ ಬೇರೆಯವನೇ ಆಗಿರಲೂಬಹುದು. ವಿಡಿಯೊ ಇದ್ದರೆ ಪೊಲೀಸರಿಗೆ ಕೊಡಿ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಅನಾಮಧೇಯವಾಗಿ ಮಾಹಿತಿ ಕೊಡಬಹುದಾದ ಕ್ರೈಮ್ ಸ್ಟಾಪರ್ಸ್, 1800 333 000.

ಇಬ್ಬರೂ ರಾತ್ರಿ ಪಾಳಿಗೆ ಹೋಗುವ ಮನೆಯ ಹದಿನಾಲ್ಕರ ಮಗ ಎಲ್ಲಿರುತ್ತಾನೆ ಎಂಬುದನ್ನೂ ಕೇಳಿಕೊಳ್ಳಬೇಕು. ನಮ್ಮ ಮಕ್ಕಳು ಇದಕ್ಕೆ ಹೊರತಲ್ಲ. ಕ್ರಿಕೆಟ್ ಅಥವಾ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಕ್ಲಬ್ಬಿಗೆ ಸೇರಿಸಿದರೆ ಬೆಂಚಿನ ಮೇಲಿನ ಹುಡುಗರ ಹೆಸರೂ ಅವನಿಗೆ ಗೊತ್ತಾಗುತ್ತದೆ.

ಜೂನಿನಲ್ಲಿ ಸಂಜೆ ಐದೂಕಾಲಿಗೆಲ್ಲ ಕತ್ತಲು ಆವರಿಸತೊಡಗುತ್ತದೆ. ಆ ಹೊತ್ತಿಗೆ ಒಮ್ಮೆ ನಡೆದು ನೋಡಿ, ಉರಿಯದ ದೀಪದ ಕಂಬದ ಸಂಖ್ಯೆಯ ಫೋಟೊ ತೆಗೆದು ಇಂಥ ದೂರುಗಳನ್ನು ಸಂಬಂಧಪಟ್ಟವರಿಗೆ ತಲುಪಿಸುವ ‘ಸ್ನ್ಯಾಪ್ ಸೆಂಡ್ ಸಾಲ್ವ್’ ಆ್ಯಪ್‌ನಲ್ಲಿ ಕಳಿಸಿ.