ನ್ಯೂಜಿಲೆಂಡಿಗೆ ಬರುವ ನರ್ಸ್‌ಗಳೇ, ಕಲ್ಚರಲ್ ಸೇಫ್ಟಿಯನ್ನು ಕೊನೆಯ ವಾರಕ್ಕೆ ಬಿಡಬೇಡಿ

ಐಇಎಲ್‌ಟಿಎಸ್ ಬರೆಯಬೇಕೋ ಒಇಟಿ ಬರೆಯಬೇಕೋ (ಎರಡೂ ಇಂಗ್ಲಿಷ್ ಪರೀಕ್ಷೆಗಳು), ಯಾವ ಕಾಗದ ಎಲ್ಲಿಂದ ತರಿಸಬೇಕು ಎಂಬುದೆಲ್ಲ ನಿಮ್ಮ ವಾಟ್ಸಾಪ್ ಗ್ರೂಪಿನಲ್ಲೇ ಸಿಗುತ್ತದೆ. ಅದನ್ನು ಬಿಟ್ಟುಬಿಡೋಣ. ನಾನು ಬಂದ ಕಾಲದಲ್ಲಿ ನಮ್ಮವರ ದುಡ್ಡು ಎಲ್ಲಿ ಹೋಗುತ್ತಿತ್ತೋ ಈಗಲೂ ಅಲ್ಲೇ ಹೋಗುತ್ತಿದೆ. ಅದರ ಬಗ್ಗೆ ಬರೆಯುತ್ತೇನೆ.

2023ರ ಡಿಸೆಂಬರ್‌ನಲ್ಲಿ ಇಲ್ಲಿನ ನರ್ಸಿಂಗ್ ಕೌನ್ಸಿಲ್ ದಾರಿ ಬದಲಿಸಿತು. ನಮ್ಮಂಥವರಿಗೆ ಮೊದಲಿದ್ದ ಕ್ಯಾಪ್ ಎಂಬ ಅರ್ಹತಾ ಕೋರ್ಸಿನ ಜಾಗಕ್ಕೆ ಪರೀಕ್ಷೆ ಬಂತು. ಥಿಯರಿಯನ್ನು ಭಾರತದಲ್ಲೇ ಬರೆಯಬಹುದು. ಓಸ್ಕಿ ಎನ್ನುವ ಪ್ರಾಕ್ಟಿಕಲ್‌ಗೆ ಕ್ರೈಸ್ಟ್‌ಚರ್ಚ್‌ಗೇ ಬರಬೇಕು. ಎರಡು ದಿನ ತಯಾರಿ, ಮೂರನೇ ದಿನ ಪರೀಕ್ಷೆ. ಇದರ ಜೊತೆ ಕಲ್ಚರಲ್ ಸೇಫ್ಟಿಗೆ, ಅಂದರೆ ರೋಗಿಯ ಸಂಸ್ಕೃತಿಗೆ ಧಕ್ಕೆಯಾಗದಂತೆ ಆರೈಕೆ ಮಾಡುವುದಕ್ಕೆ, ಸಂಬಂಧಿಸಿದ ಎರಡು ಆನ್‌ಲೈನ್ ಕೋರ್ಸ್ ಮುಗಿಸಬೇಕು. ನಮ್ಮವರು ಡ್ರಗ್ ಕ್ಯಾಲ್ಕುಲೇಷನ್‌ಗೆ ತಿಂಗಳುಗಟ್ಟಲೆ ಕೂರುತ್ತಾರೆ. ಈ ಕೋರ್ಸುಗಳನ್ನು ಮಾತ್ರ ಒಂದು ರಾತ್ರಿಯಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸಿಬಿಡುತ್ತಾರೆ. ಪೆಟ್ಟು ಬೀಳುವುದು ಅಲ್ಲೇ. ಅದೂ ಪರೀಕ್ಷೆಯಲ್ಲಿ ಅಲ್ಲ, ಕೆಲಸದ ಇಂಟರ್‌ವ್ಯೂನಲ್ಲಿ.

ಹಾಸನದ ಕಡೆಯ ಒಬ್ಬ ಹುಡುಗಿ ನನಗೆ ಗೊತ್ತು. ಬೆಂಗಳೂರಿನ ಐಸಿಯುನಲ್ಲಿ ವರ್ಷಗಟ್ಟಲೆ ದುಡಿದವಳು, ಕೈ ತುಂಬಾ ಚುರುಕು. ಓಸ್ಕಿ ಮೊದಲ ಸಲಕ್ಕೇ ಪಾಸಾಯಿತು. ಇಂಟರ್‌ವ್ಯೂನಲ್ಲಿ ಕೇಳಿದ್ದು ಇಷ್ಟೇ: ಮಾವೊರಿ (ಇಲ್ಲಿನ ಮೂಲನಿವಾಸಿ) ರೋಗಿಯೊಬ್ಬರು ಚಿಕಿತ್ಸೆ ಮುಗಿಯುವ ಮೊದಲೇ ಮನೆಗೆ ಹೋಗುತ್ತೇನೆ ಎಂದರೆ ಏನು ಮಾಡುತ್ತೀರಿ? ಇವಳು, ಡಾಕ್ಟರಿಗೆ ತಿಳಿಸುತ್ತೇನೆ, ಲಾಮಾ ಫಾರ್ಮಿಗೆ (ಡಾಕ್ಟರ ಸಲಹೆ ಮೀರಿ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ) ಸಹಿ ಹಾಕಿಸಿಕೊಳ್ಳುತ್ತೇನೆ ಎಂದಳು. ಜೊತೆಗೆ ಕೋಚಿಂಗ್‌ನವರು ಉರು ಹೊಡೆಸಿದ್ದ ವೈತಾಂಗಿ ಒಪ್ಪಂದದ (ಮಾವೊರಿಗಳಿಗೂ ಬ್ರಿಟಿಷರಿಗೂ 1840ರಲ್ಲಿ ಆದದ್ದು) ಮೂರು ತತ್ವಗಳನ್ನೂ ಗಡಗಡ ಹೇಳಿದಳು. ನಮ್ಮೂರ ಆಸ್ಪತ್ರೆಯಲ್ಲಾದರೆ ಆ ಮೊದಲ ಉತ್ತರದಲ್ಲಿ ತಪ್ಪೇ ಇಲ್ಲ. ಆದರೆ ಎದುರಿಗೆ ಕೂತವರು ಕಾಯುತ್ತಿದ್ದದ್ದು ಬೇರೆ ಮಾತಿಗೆ. ಯಾಕೆ ಹೋಗಬೇಕು ಅನಿಸುತ್ತಿದೆ ಎಂದು ಆ ರೋಗಿಯನ್ನು ಕೇಳುತ್ತೀರಾ? ಮನೆಯವರನ್ನು ಕರೆಸಿ ಮಾತಾಡುತ್ತೀರಾ? ನಮ್ಮ ವಾರ್ಡಿನಲ್ಲೇ ಅವರಿಗೆ ನೋವಾಗುವಂಥದ್ದು ಏನೋ ನಡೆದಿರಬಹುದು ಎಂದು ಯೋಚಿಸುತ್ತೀರಾ?

ಕೆಲಸ ಸಿಗಲಿಲ್ಲ. ಮುಂದಿನ ಇಂಟರ್‌ವ್ಯೂಗಳಲ್ಲೂ ಅದೇ ಉತ್ತರ, ಅದೇ ಫಲ. ವಿಸಿಟರ್ ವೀಸಾದಲ್ಲಿ ದುಡಿಯುವಂತಿಲ್ಲ, ರೂಮಿನ ಬಾಡಿಗೆ ಮಾತ್ರ ವಾರವಾರ ಕಟ್ಟಲೇಬೇಕು. ಕೊನೆಗೆ ರಿಜಿಸ್ಟ್ರೇಷನ್ ಕೈಯಲ್ಲಿಟ್ಟುಕೊಂಡು, ಸಾಲ ತಲೆ ಮೇಲೆ ಹೊತ್ತುಕೊಂಡು ಊರಿಗೆ ಹೋದಳು. ಇಂಥವರು ಅವಳೊಬ್ಬಳೇ ಅಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಕಲ್ಚರಲ್ ಸೇಫ್ಟಿ ಎಂಬುದು ಹುಟ್ಟಿದ್ದೇ ಈ ದೇಶದ ನರ್ಸಿಂಗ್‌ನಲ್ಲಿ. 1988ರಲ್ಲಿ ಕ್ರೈಸ್ಟ್‌ಚರ್ಚ್‌ನ ಒಂದು ಸಭೆಯಲ್ಲಿ ಮೊದಲ ವರ್ಷದ ಮಾವೊರಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಕಾನೂನಿನ ಸುರಕ್ಷತೆ, ನೀತಿಯ ಸುರಕ್ಷತೆ ಎಂದೆಲ್ಲ ಹೇಳುತ್ತೀರಿ, ನಮ್ಮ ಸಂಸ್ಕೃತಿಯ ಸುರಕ್ಷತೆ ಎಲ್ಲಿ ಎಂದು ಕೇಳಿದಳು. ಮಾವೊರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಅದನ್ನು ಪಾಠವಾಗಿ ಬೆಳೆಸಿದರು. 1992ರಲ್ಲಿ ನರ್ಸಿಂಗ್ ಶಿಕ್ಷಣದಲ್ಲಿ ಕಡ್ಡಾಯವಾಯಿತು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು, ಆದರೂ ಉಳಿಯಿತು. ಇದರ ತಿರುಳು ಇಷ್ಟು: ಆರೈಕೆ ಸರಿಯಾಗಿತ್ತೋ ಇಲ್ಲವೋ ಎಂದು ಹೇಳಬೇಕಾದವರು ರೋಗಿ, ನರ್ಸ್ ಅಲ್ಲ. ನರ್ಸ್ ಮೊದಲು ನೋಡಿಕೊಳ್ಳಬೇಕಾದ್ದು ತನ್ನ ಮನಸ್ಸಿನಲ್ಲಿರುವುದನ್ನು: ತನ್ನ ಜಾತಿ, ಧರ್ಮ, ಬೆಳೆದ ರೀತಿ, ಯೂನಿಫಾರ್ಮ್ ಹಾಕಿಕೊಂಡಾಗ ಬರುವ ಅಧಿಕಾರ.

ಹಾಗಾಗಿ ಆಚಾರಗಳ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು. ಮಾವೊರಿಗಳಿಗೆ ತಲೆ ಪವಿತ್ರ. ತಲೆದಿಂಬನ್ನು ಕಾಲಿಗೆ ಇಡಬಾರದು, ಊಟದ ಟೇಬಲ್ ಮೇಲೆ ಬೆಡ್‌ಪ್ಯಾನ್ ಇಡಬಾರದು. ದಿಂಬಿನ ಮೇಲೆ ಕೂರಬೇಡ ಎಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದ ನಮಗೆ ಇದು ಬೇಗ ತಲೆಗೆ ಹೋಗುತ್ತದೆ. ಬೇಗ ಹೋಗುವುದರಿಂದಲೇ ಎಲ್ಲಾ ಗೊತ್ತಾಯ್ತು ಅಂದುಕೊಳ್ಳುತ್ತೇವೆ. ಅದೇ ಪಟ್ಟಿ ಹಿಡಿದು ಎಲ್ಲ ಮಾವೊರಿ ರೋಗಿಗಳೂ ಹೀಗೇ ಎಂದು ನಡೆದುಕೊಂಡರೆ ಅದೂ ಅವಮಾನವೇ. ಕೆಲವರಿಗೆ ಪ್ರಾರ್ಥನೆ ಬೇಕು, ಕೆಲವರಿಗೆ ಬೇಡ. ಕೇಳಬೇಕು, ಅಷ್ಟೇ.

ಹೆರಿಗೆ ವಾರ್ಡಿನವರು ಇನ್ನೂ ಹುಷಾರಾಗಿರಿ. ನಮ್ಮಲ್ಲಿ ಮಾಸು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗುತ್ತದೆ, ಯಾರೂ ಕೇಳುವುದಿಲ್ಲ. ಇಲ್ಲಿ ಎಷ್ಟೋ ಮಾವೊರಿ ಮನೆಯವರು ಅದನ್ನು ತಮ್ಮ ಪೂರ್ವಿಕರ ನೆಲದಲ್ಲಿ ಹೂಳುತ್ತಾರೆ. ದೇಹದಿಂದ ತೆಗೆದ ಭಾಗವನ್ನು ಏನು ಮಾಡಬೇಕು ಎಂದು ತೀರ್ಮಾನಿಸುವುದು ರೋಗಿಯ ಹಕ್ಕು. 1996ರಿಂದ ಜಾರಿಯಲ್ಲಿರುವ ರೋಗಿಗಳ ಹಕ್ಕುಗಳ ಸಂಹಿತೆಯಲ್ಲೇ ಇದು ಇದೆ. ಅದರಲ್ಲಿ ಇರುವುದು ಹತ್ತೇ ಹಕ್ಕು. ದಯವಿಟ್ಟು ಒಮ್ಮೆ ಪೂರ್ತಿ ಓದಿ.

ಎರಡು ಕಡೆ ಕೆಲಸ ಮಾಡಿದವಳಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಕೈಕೆಲಸ ಕಲಿಸುವುದರಲ್ಲಿ ನಮ್ಮ ಕರ್ನಾಟಕದ ಕಾಲೇಜುಗಳೇ ಮೇಲು. ಅಷ್ಟು ರೋಗಿಗಳನ್ನು ನೋಡಿ ಬಂದವರಿಗೆ ಇಲ್ಲಿ ಕ್ಯಾನುಲಾ ಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ರೋಗಿಯ ಮಾತು ಕೇಳಿಸಿಕೊಳ್ಳುವುದರಲ್ಲಿ ಈ ದೇಶದ ಪಾಠ ಮುಂದಿದೆ. ಒಬ್ಬ ಅಟೆಂಡರ್ ಮಾತ್ರ ಇರಿ, ಮಿಕ್ಕವರು ಹೊರಗೆ ಎಂದು ಗದರಿಸಿ ಅಭ್ಯಾಸವಾದ ನಮಗೆ, ಹಾಸಿಗೆ ಸುತ್ತ ಇಡೀ ಕುಟುಂಬ ನಿಂತಿದ್ದರೂ ಅವರನ್ನೂ ಆರೈಕೆಯ ಭಾಗವಾಗಿ ನೋಡುವುದು ಕಷ್ಟ. ಜಾತಿ, ಭಾಷೆ, ಬಡತನದಿಂದ ನಮ್ಮ ವಾರ್ಡುಗಳಲ್ಲಿ ಬಾಯಿಬಿಡದೆ ಮಲಗುವ ಜನ ಎಷ್ಟಿಲ್ಲ! ಈ ಪಾಠ ಅಲ್ಲೂ ಬೇಕಿತ್ತು.

ಇನ್ನೊಂದು. ಕನ್ನಡವೋ ಹಿಂದಿಯೋ ಮಾತಾಡುವ ಅಜ್ಜಿಯೊಬ್ಬರು ವಾರ್ಡಿಗೆ ಬಂದರೆ ಎಲ್ಲರೂ ನಿಮ್ಮನ್ನೇ ಕರೆಯುತ್ತಾರೆ. ನೀರು ಬೇಕಾ, ನೋವಿದೆಯಾ ಎಂದು ಕೇಳಿ, ಸಂತೋಷ. ಆಪರೇಷನ್ ಒಪ್ಪಿಗೆಯ ಮಾತಿಗೆ ಮಾತ್ರ ಇಂಟರ್‌ಪ್ರಿಟರ್ ಕರೆಸಿ. ಮೊಮ್ಮಗಳ ಬಾಯಲ್ಲೂ ಹೇಳಿಸಬೇಡಿ.

ಏಜೆಂಟರ ವಿಷಯ. ನರ್ಸ್‌ಗಳು ಗ್ರೀನ್ ಲಿಸ್ಟಿನಲ್ಲಿದ್ದಾರೆ (ದೇಶಕ್ಕೆ ಬೇಕಾದ ಕೆಲಸಗಳ ಸರ್ಕಾರಿ ಪಟ್ಟಿ), ಬಂದರೆ ಸಾಕು ರೆಸಿಡೆನ್ಸಿ, ಅಂದರೆ ಇಲ್ಲೇ ನೆಲೆಸುವ ಅನುಮತಿ, ಎನ್ನುತ್ತಾರೆ. ಅರ್ಧ ಸತ್ಯ. ಮಾನ್ಯತೆ ಇರುವ ಸಂಸ್ಥೆಯ ಕೆಲಸ ಅಥವಾ ಆಫರ್ ಇಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ರಿಜಿಸ್ಟ್ರೇಷನ್ ಸಿಕ್ಕರೆ ಕೆಲಸ ಸಿಕ್ಕ ಹಾಗಲ್ಲ. ಓಸ್ಕಿಗೆ ಟಿಕೆಟ್ ಬುಕ್ ಮಾಡುವ ಮೊದಲೇ ಊರಿನಿಂದಲೇ ಅರ್ಜಿ ಹಾಕಲು ಶುರು ಮಾಡಿ, ಸಣ್ಣ ಊರುಗಳನ್ನೂ ವೃದ್ಧರ ಆರೈಕೆ ಕೇಂದ್ರಗಳನ್ನೂ ಬಿಡದೆ. ಆನ್‌ಲೈನ್ ಇಂಟರ್‌ವ್ಯೂಗೆ ಕೂರುವ ಮುಂಚೆ ನಿಮ್ಮ ಅನುಭವದಲ್ಲಿ ರೋಗಿಯೊಬ್ಬರು ಬೇಡ ಎಂದ ಒಂದು ಸಂದರ್ಭ ನೆನಪಿಸಿಕೊಂಡು, ಆಗ ನೀವು ಏನು ಕೇಳಿದಿರಿ, ಏನು ಕೇಳಲಿಲ್ಲ ಎಂದು ನಿಮ್ಮದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ.