ಹಳೆಯ ರೇಂಜ್‌ಫೈಂಡರ್‌ಗೆ ಹೊಸ ಲೆನ್ಸ್: ನಾನು ಆಯ್ದುಕೊಂಡ ಬಗೆ

ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಅದೇ ಕಾಲದ ಲೆನ್ಸ್ ಇರುವಾಗ ಹೊಸದೇಕೆ ಎಂದು ಕೇಳುವವರು ಉಡುಪಿಯಲ್ಲಿ ಒಂದು ಮಳೆಗಾಲವನ್ನು ಕಳೆದು ನೋಡಬೇಕು. ಗಾಳಿಯ ತೇವಾಂಶ ಶೇಕಡಾ 60ನ್ನು ದಾಟಿದ ಮೇಲೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಹಬ್ಬುವುದು ಸುಲಭ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶವು ಬಹುಪಾಲು ದಿನ 80ರ ಮೇಲೆಯೇ ಇರುತ್ತದೆ. ನನ್ನ ಕ್ಯಾಮೆರಾ 1950ರ ದಶಕದ ಕೊನೆಯಲ್ಲಿ ಬಂದ ಕ್ಯಾನನ್ ಪಿ. ಅದು ರೇಂಜ್‌ಫೈಂಡರ್, ಅಂದರೆ ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದುಗೂಡಿಸಿ ಫೋಕಸ್ ಮಾಡುವ ಕ್ಯಾಮೆರಾ. ಅದರ ಶಟರ್ ಪರದೆ ಲೋಹದ್ದಾಗಿರುವುದರಿಂದ ಬಟ್ಟೆಯ ಪರದೆಯಂತೆ ಬಿಸಿಲಿಗೆ ತೂತಾಗುವ ಭಯವಿಲ್ಲ, ಅದು ಇಂದಿಗೂ ಸರಿಯಾಗಿಯೇ ಓಡುತ್ತಿದೆ. ಆದರೆ ಅದರೊಂದಿಗೆ ಬಂದಿದ್ದ 50 ಎಂ.ಎಂ. ಲೆನ್ಸಿನ ಒಳಗೆ ಮಂಜು ಕವಿದಂತಹ ಬಿಳಿ ಪೊರೆಯೂ ಅಂಚಿನಲ್ಲಿ ನೂಲಿನಂತಹ ಬೂಷ್ಟೂ ಇದ್ದವು. ಬಿಚ್ಚಿ ಒರೆಸಿದಾಗ ಬೂಷ್ಟು ಹೋಯಿತಾದರೂ ಅದು ಗಾಜಿನ ಮೇಲಿನ, ಬೆಳಕಿನ ಪ್ರತಿಫಲನವನ್ನು ತಡೆಯುವ ಲೇಪನವನ್ನು ತಿಂದುಹಾಕಿದ ಗುರುತು ಹಾಗೆಯೇ ಉಳಿಯಿತು. ಲೇಪನ ಒಮ್ಮೆ ಹೋದ ಮೇಲೆ ಅದನ್ನು ಮರಳಿ ತರುವುದು ಸುಲಭವಲ್ಲ. ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ತೆಳುವಾದ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದವು.

ಹೊಸ ಲೆನ್ಸ್ ಹುಡುಕುವಾಗ ಮೊದಲು ನೋಡಬೇಕಾದದ್ದು ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂಡಿಕೊಳ್ಳುವ ಭಾಗ. ಕ್ಯಾನನ್ ಪಿ, ಲೈಕಾದ ಹಳೆಯ ತಿರುಪು ಮೌಂಟನ್ನು ಬಳಸುತ್ತದೆ: 39 ಎಂ.ಎಂ. ವ್ಯಾಸ, ಇಂಚಿಗೆ 26 ಎಳೆ. ಮೌಂಟಿನಿಂದ ಫಿಲ್ಮಿಗೆ ಇರುವ ದೂರ ಇದರಲ್ಲಿ 28.8 ಎಂ.ಎಂ., 1954ರಲ್ಲಿ ಲೈಕಾದ ಎಂ3 ಕ್ಯಾಮೆರಾದೊಂದಿಗೆ ಬಂದ ಎಂ ಮೌಂಟಿನಲ್ಲಿ 27.8 ಎಂ.ಎಂ. ಈ ಒಂದು ಮಿಲಿಮೀಟರ್ ವ್ಯತ್ಯಾಸದಲ್ಲಿ ಒಂದು ತೆಳುವಾದ ಅಡಾಪ್ಟರ್ ಉಂಗುರ ಹಿಡಿಸುತ್ತದೆ. ಆದ್ದರಿಂದ ತಿರುಪಿನ ಲೆನ್ಸನ್ನು ಎಂ ಕ್ಯಾಮೆರಾಕ್ಕೆ ಹಾಕಬಹುದೇ ಹೊರತು ಎಂ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಲಾಗದು. ಈಗ ಹೊಸದಾಗಿ ಬರುವ ರೇಂಜ್‌ಫೈಂಡರ್ ಲೆನ್ಸುಗಳಲ್ಲಿ ಹೆಚ್ಚಿನವು ಎಂ ಮೌಂಟಿನವೇ ಆಗಿರುವುದರಿಂದ ನನ್ನ ಪಟ್ಟಿ ಬಹಳ ಚಿಕ್ಕದಾಯಿತು. ಜಪಾನಿನ ಕೊಸಿನಾ ಕಂಪನಿಯು 1999ರಿಂದ ಫೋಗ್ಟ್‌ಲೆಂಡರ್ ಹೆಸರಿನಲ್ಲಿ ತಯಾರಿಸಿದ ತಿರುಪು ಮೌಂಟಿನ ಲೆನ್ಸುಗಳೇ ಅದರಲ್ಲಿ ಮುಖ್ಯವಾಗಿ ಉಳಿದವು. ಅವೂ ಸೆಕೆಂಡ್‌ಹ್ಯಾಂಡ್ ಆಗಿಯೇ ಸಿಗುತ್ತವೆ. ಅದೇ ಹೆಸರಿನ ಈಚಿನ ಆವೃತ್ತಿಗಳು ಎಂ ಮೌಂಟಿನಲ್ಲಿಯೂ ಇರುವುದರಿಂದ ಹಣ ಕೊಡುವ ಮೊದಲು ಲೆನ್ಸಿನ ಹಿಂಭಾಗದ ಚಿತ್ರವನ್ನು ತರಿಸಿಕೊಂಡು ನೋಡಬೇಕು.

ಲೆನ್ಸಿನ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸಿದ್ದು ಗಾಜಿನ ಗುಣಕ್ಕಿಂತ ಹೆಚ್ಚಾಗಿ ಕ್ಯಾಮೆರಾದ ವ್ಯೂಫೈಂಡರ್. ಕ್ಯಾನನ್ ಪಿಯ ವ್ಯೂಫೈಂಡರಿನಲ್ಲಿ ವಸ್ತು ಬರಿಗಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತದೆ. ಎರಡೂ ಕಣ್ಣು ತೆರೆದಿಟ್ಟೇ ಚಿತ್ರ ತೆಗೆಯಬಹುದು. ಆಯಾ ಲೆನ್ಸಿನ ಚಿತ್ರದಲ್ಲಿ ಎಷ್ಟು ಭಾಗ ಬರುತ್ತದೆಂದು ತೋರಿಸುವ 35, 50 ಮತ್ತು 100 ಎಂ.ಎಂ. ಚೌಕಟ್ಟುಗಳು ಮೂರೂ ಒಟ್ಟಿಗೆ ಕಾಣುತ್ತಿರುತ್ತವೆ. ನನ್ನ ಮನಸ್ಸು ಇದ್ದದ್ದು 35ರ ಮೇಲೆ, ಫೋಗ್ಟ್‌ಲೆಂಡರಿನ ಎಫ್ 2.5ರ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಕಲರ್-ಸ್ಕೋಪಾರ್ ಚಿಕ್ಕದು, ಹಗುರ, ಕ್ಯಾಮೆರಾಕ್ಕೆ ಒಪ್ಪುವಂಥದ್ದು. ಆದರೆ 35ರ ಚೌಕಟ್ಟು ವ್ಯೂಫೈಂಡರಿನ ತೀರಾ ಅಂಚಿಗಿದೆ. ಕನ್ನಡಕ ಹಾಕುವ ನನಗೆ ಅದರ ಎಡಬದಿಯನ್ನು ನೋಡಿದರೆ ಬಲಬದಿ ಕಾಣುವುದಿಲ್ಲ, ಕಣ್ಣನ್ನು ಅತ್ತಿತ್ತ ಹೊರಳಿಸುವಷ್ಟರಲ್ಲಿ ಚಿತ್ರದ ಕ್ಷಣ ದಾಟಿಹೋಗುತ್ತದೆ. ಮೇಲೆ ಪ್ರತ್ಯೇಕ ವ್ಯೂಫೈಂಡರ್ ಸಿಕ್ಕಿಸಿಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ. ಫೋಕಸ್ ಮಾಡಲು ಒಂದು ಕಿಂಡಿ, ಚೌಕಟ್ಟು ನೋಡಲು ಇನ್ನೊಂದು ಕಿಂಡಿ ಎಂಬ ಏರ್ಪಾಟು ನನಗೆ ಹಿಡಿಸಲಿಲ್ಲ. 50ರ ಚೌಕಟ್ಟು ಮಾತ್ರ ಕನ್ನಡಕದ ಒಳಗಿನಿಂದಲೂ ನಾಲ್ಕು ಬದಿ ಸ್ಪಷ್ಟವಾಗಿ, ಸುತ್ತ ಸ್ವಲ್ಪ ಜಾಗವನ್ನೂ ಬಿಟ್ಟು ಕಾಣುತ್ತದೆ.

ಹೀಗೆ 50 ಎಂದು ನಿಶ್ಚಯವಾದ ಮೇಲೆ ಎಫ್ 2.5ರ ಕಲರ್-ಸ್ಕೋಪಾರ್ ಮತ್ತು ಎಫ್ 1.5ರ ನಾಕ್ಟನ್ ಎಂಬ ಎರಡು ದಾರಿಗಳು ಉಳಿದವು. ಹಗಲಿನ ಕೆಲಸಕ್ಕೆ, ಅಂದರೆ ಮಲ್ಪೆ ಬಂದರಿನ ಬಿಸಿಲಿಗೆ, ಎಫ್ 2.5 ಧಾರಾಳವಾಗಿ ಸಾಕು. 400ರ (ಬೆಳಕಿನ ಸಂವೇದನೆಯ ಅಳತೆ) ಫಿಲ್ಮ್ ಹಾಕಿದರೆ ಅಲ್ಲಿ ಸೆಕೆಂಡಿನ 500ನೇ ಒಂದು ಭಾಗಕ್ಕೆ ಎಫ್ 16 ಇಡಬೇಕಾಗುತ್ತದೆ. ಆದರೆ ನಾನು ಹೆಚ್ಚು ಚಿತ್ರ ತೆಗೆಯುವುದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವಾಗ ಇರುವುದು ಕನ್ನಡಿಯ ಬಳಿಯ ಬಲ್ಬಿನ ಬೆಳಕು ಮಾತ್ರ, ಫ್ಲ್ಯಾಶ್ ಹಾಕುವುದು ಮರ್ಯಾದೆಯೂ ಅಲ್ಲ. 400ರ ಕಪ್ಪುಬಿಳುಪು ಫಿಲ್ಮ್ ಎಚ್‌ಪಿ5ನ್ನು 1600 ಎಂದು ಎಣಿಸಿ ಏರಿಸಿಕೊಂಡರೂ ಅಲ್ಲಿ ಎಫ್ 2ಕ್ಕೆ 60ನೇ ಒಂದು ಭಾಗ ಸಿಕ್ಕಿದರೆ ಅದೃಷ್ಟ. ಎರಡು ಲೆನ್ಸುಗಳ ನಡುವಿನ ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಇಲ್ಲಿ ಚಿತ್ರ ಬರುವುದಕ್ಕೂ ಕದಲುವುದಕ್ಕೂ ಇರುವ ಅಂತರ. ಹಾಗಾಗಿ ನಾಕ್ಟನ್ ತರಿಸಿಕೊಂಡೆ. ಅದು ದಪ್ಪ ಲೆನ್ಸ್, ಅಡ್ಡ ಬೆಳಕು ತಡೆಯುವ ಹುಡ್ ಹಾಕಿದರೆ ವ್ಯೂಫೈಂಡರಿನ ಕೆಳಮೂಲೆಯನ್ನು ಮರೆಮಾಡುತ್ತದೆ. ಚೌಕಿಯಲ್ಲಿ ನಾನು ಹುಡ್ ತೆಗೆದುಬಿಡುತ್ತೇನೆ; ಹೊಸ ಕಾಲದ ಬಹುಪದರದ ಲೇಪನವು ಎದುರಿನ ಬಲ್ಬನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಮುಖದಲ್ಲಿ ಇಟ್ಟ ಚುಟ್ಟಿಯ, ಅಂದರೆ ಉಬ್ಬು ಚುಕ್ಕೆಗಳ, ಬಿಳಿ ಸಾಲು ರೇಂಜ್‌ಫೈಂಡರಿನ ಎರಡು ಬಿಂಬಗಳನ್ನು ಒಂದುಗೂಡಿಸಲು ಬಹಳ ಅನುಕೂಲ. ಕಪ್ಪು ಮೀಸೆ ತಿದ್ದಿದ ಪುಂಡುವೇಷದ (ತರುಣ ವೀರರ ಪಾತ್ರ) ನಯವಾದ ಕೆನ್ನೆಯ ಮೇಲೆ ಅಷ್ಟು ಸುಲಭವಲ್ಲ, ಅಲ್ಲಿ ಕಣ್ಣಿನ ಕಾಡಿಗೆಯ ಗೆರೆಯನ್ನೇ ಹಿಡಿಯಬೇಕು.

ಲೆನ್ಸ್ ಕೈಗೆ ಬಂದ ಕೂಡಲೇ ಫಿಲ್ಮ್ ಹಾಕದೆ ಪರೀಕ್ಷಿಸುವುದು ಒಳ್ಳೆಯದು. ಕ್ಯಾಮೆರಾದ ಹಿಂಬದಿ ತೆರೆದು, ಫಿಲ್ಮ್ ಕೂರುವ ಹಳಿಯ ಮೇಲೆ ಮಸುಕು ಗಾಜಿನ ತುಂಡನ್ನು ಅದರ ಒರಟು ಬದಿ ಲೆನ್ಸಿನ ಕಡೆಗೆ ಬರುವಂತೆ ಇಟ್ಟು, ಶಟರನ್ನು ಬಿ ಸ್ಥಾನದಲ್ಲಿ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುವ ಸ್ಥಾನ) ತೆರೆದು ಹಿಡಿದರೆ, ಫಿಲ್ಮಿನ ಮೇಲೆ ಬೀಳುವ ಬಿಂಬವನ್ನು ಭೂತಗನ್ನಡಿಯಲ್ಲಿ ನೋಡಬಹುದು. ಅನಂತ ದೂರಕ್ಕೆ ಸಮುದ್ರದ ದಿಗಂತವನ್ನು ನೋಡೋಣ ಎಂದು ಕಡಲತೀರದವರಿಗೆ ತಟ್ಟನೆ ಅನ್ನಿಸಬಹುದು, ಆದರೆ ಅದು ಉಪಯೋಗಕ್ಕೆ ಬಾರದು: ರೇಂಜ್‌ಫೈಂಡರಿನ ಬಿಂಬ ಸರಿಯುವುದು ಅಡ್ಡಕ್ಕೆ, ದಿಗಂತವೂ ಅಡ್ಡಗೆರೆ. ಲಂಬವಾದ ಅಂಚೇ ಬೇಕು. ನಾನು ಕಾಪುವಿನ ಕಡಲತೀರದಲ್ಲಿ ಒಂದು ಕಿಲೋಮೀಟರಿಗೂ ದೂರ ನಿಂತು, 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭವನ್ನು ಗುರಿಯಾಗಿಟ್ಟುಕೊಂಡೆ. ಹತ್ತಿರದ ಪರೀಕ್ಷೆಗೆ ಮನೆಯಲ್ಲಿ ಒಂದು ಮೀಟರ್ ದೂರದಲ್ಲಿ ಓರೆಯಾಗಿ ಮಲಗಿಸಿದ ಅಳತೆಪಟ್ಟಿ ಸಾಕಾಯಿತು, ಅಪರ್ಚರನ್ನು (ಬೆಳಕು ಒಳಬರುವ ರಂಧ್ರ) ಪೂರ್ತಿ ತೆರೆದೇ ನೋಡಬೇಕು. ಎರಡೂ ದೂರದಲ್ಲಿ ಬಿಂಬ ತಾಳೆಯಾದರೆ ನಡುವಿನದರ ಬಗ್ಗೆ ಚಿಂತೆ ಇಲ್ಲ. ರಷ್ಯಾದ ಹಳೆಯ ಜುಪಿಟರ್ ಲೆನ್ಸುಗಳನ್ನು ಅಗ್ಗವೆಂದು ಕೊಳ್ಳುವವರು ಎಡವುವುದು ಇಲ್ಲಿಯೇ, ಅವು ಅನಂತಕ್ಕೆ ಸರಿಹೊಂದಿದರೂ ಜಪಾನೀ ಕ್ಯಾಮೆರಾದಲ್ಲಿ ಹತ್ತಿರದ ಫೋಕಸ್ ತಪ್ಪುತ್ತದೆ.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಈ ಲೆನ್ಸ್ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸೇರುತ್ತದೆ, ಒಳಗಿನ ಚಿಕ್ಕ ತೇವಾಂಶ ಮಾಪಕ ಶೇಕಡಾ 40ರಿಂದ 50 ತೋರಿಸುತ್ತಿರಬೇಕು. ಚರ್ಮದ ಚೀಲವನ್ನು ಮಾತ್ರ ಆ ಡಬ್ಬಿಗೆ ಸೇರಿಸುವುದಿಲ್ಲ, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ.

ಹೊಸ ಲೆನ್ಸಿನಿಂದ ನಷ್ಟವೂ ಇದೆ. ಅದರ ಕಾಂಟ್ರಾಸ್ಟ್ ಹೆಚ್ಚು. ಮಳೆಗಾಲದ ಮಂಕು ಬೆಳಕಿನಲ್ಲಿ ಅದು ವರ. ಮಾರ್ಚ್ ತಿಂಗಳ ಮಧ್ಯಾಹ್ನ ಬಂದರಿನಲ್ಲಿ ದೋಣಿಯ ನೆರಳಿನಲ್ಲಿ ಕುಳಿತವರ ಮುಖ ಬರೀ ಕಪ್ಪಾಗಿಬಿಡುತ್ತದೆ, ಹಳೆಯ ಲೆನ್ಸಿನ ಮಂದ ಗುಣ ಅಲ್ಲಿ ನೆರಳನ್ನು ಸ್ವಲ್ಪ ತೆರೆದು ಕೊಡುತ್ತಿತ್ತು. ಅದಕ್ಕಾಗಿ ಬಿಸಿಲಿನಲ್ಲಿ 400ರ ಫಿಲ್ಮನ್ನು 200 ಎಂದು ಎಣಿಸಿ ಬೆಳಕು ಕೊಟ್ಟು, ಡೆವಲಪ್ ಮಾಡುವ ಸಮಯವನ್ನು ಸುಮಾರು ಐದನೇ ಒಂದು ಭಾಗ ಕಡಿಮೆ ಮಾಡುತ್ತೇನೆ. ಚೌಕಿಯ ಚಿತ್ರಗಳಿಗೆ ಇದರ ವಿರುದ್ಧವಾಗಿ ಹೆಚ್ಚು ಹೊತ್ತು ಡೆವಲಪ್ ಮಾಡಬೇಕಾಗುವುದರಿಂದ ಬಂದರಿನ ಹಗಲನ್ನೂ ಆಟದ ರಾತ್ರಿಯನ್ನೂ ಒಂದೇ ರೋಲಿನಲ್ಲಿ ಬೆರೆಸುವುದಿಲ್ಲ. ಅರ್ಧವೇ ಆಗಿದ್ದರೂ ಹಗಲಿನ ರೋಲನ್ನು ಸುತ್ತಿ ಹೊರತೆಗೆದೇ ಚೌಕಿಗೆ ಹೋಗುತ್ತೇನೆ.