ಎರಡು ರಾಜ್ಯದ ರಜೆ, ಒಂದೇ ಕ್ಯಾಲೆಂಡರ್

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಮಗ ಊರಿನ ಕನ್ನಡ ಮೀಡಿಯಂ ಶಾಲೆಗೆ, ಮಗಳು ತಲಪಾಡಿ ಗಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋಗುತ್ತಾಳೆ. ಅವನಿಗೆ ಓಣಂ ರಜೆ, ಅವಳಿಗೆ ಆಗಲೇ ಪರೀಕ್ಷೆ. ಎಲ್ಲರೂ ಒಟ್ಟಿಗೆ ಅಜ್ಜನ ಮನೆಗೆ ಹೋಗುವ ದಿನ ಸಿಗುತ್ತಲೇ ಇರಲಿಲ್ಲ.

ಈಗ ಗೂಗಲ್ ಕ್ಯಾಲೆಂಡರ್‌ನಲ್ಲಿ 'ಮನೆ' ಅಂತ ಬೇರೆಯೇ ಒಂದು ಮಾಡಿ ಎಲ್ಲರಿಗೂ ಶೇರ್ ಮಾಡಿದ್ದೇನೆ. ಬದಲಾಯಿಸುವ ಅನುಮತಿಯನ್ನೂ ಕೊಡಬೇಕು. ಇಲ್ಲದಿದ್ದರೆ ಅವರು ನೋಡಬಹುದು ಅಷ್ಟೇ, ಬರೆಯುವ ಕೆಲಸ ಅಮ್ಮನ ತಲೆಗೇ! ಕೇರಳದ ರಜೆ ಹಸಿರು, ಕರ್ನಾಟಕದ್ದು ಹಳದಿ. ಓಣಂ, ದಸರಾ ತಾರೀಕು ವರ್ಷವೂ ಬದಲಾಗುತ್ತದೆ ಅಲ್ವಾ, ಅವಕ್ಕೆ ರಿಪೀಟ್ ಹಾಕಬೇಡಿ. ಹುಟ್ಟುಹಬ್ಬಕ್ಕೆ ಹಾಕಿ. ಅತ್ತೆ ಫೋನ್ ಮುಟ್ಟುವುದಿಲ್ಲ, ಅವರಿಗೆ ಮಗ ವಾರದ್ದನ್ನು ಚೀಟಿಯಲ್ಲಿ ಬರೆದು ಫ್ರಿಡ್ಜ್‌ಗೆ ಅಂಟಿಸುತ್ತಾನೆ.

ಜಾಸ್ತಿ ಉಪಯೋಗ ಆದದ್ದು ತೋಟಕ್ಕೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸಿದ ದಿನವನ್ನು ಹಾಕಿ, 40-45 ದಿನ ಕಳೆದು ಎರಡನೆಯದಕ್ಕೆ ರಿಮೈಂಡರ್ ಇಡುತ್ತೇನೆ. ಅದಕ್ಕೂ ಒಂದು ವಾರ ಮೊದಲೇ ಇನ್ನೊಂದು, ಮರ ಹತ್ತುವವರಿಗೆ ಫೋನ್ ಮಾಡಲು. ಆ ಸಮಯದಲ್ಲಿ ಅವರು ಸಿಗುವುದೇ ಕಷ್ಟ. ಮಳೆ ಬಿಡದಿದ್ದರೆ ತಾರೀಕನ್ನು ಎರಡು ದಿನ ಮುಂದೆ ಎಳೆದರಾಯಿತು, ಗಂಡನ ಫೋನಿನಲ್ಲೂ ತಾನಾಗಿ ಬದಲಾಗುತ್ತದೆ.